ಅತ್ತೆಯ ಮಗ್ಗದ ಸದ್ದು

ಸತ್ತವರು ಕಾಣಿಸಿಕೊಂಡರು ಎಂದು ಯಾರಾದರೂ ಹೇಳಿದರೆ, ಅವತ್ತು ಏನು ಊಟ ಮಾಡಿದ್ದೆ ಎಂದು ಕೇಳಿ ಗೇಲಿ ಮಾಡುತ್ತಿದ್ದವನು ನಾನು. ಈಗ ಹಾಗೆ ಕೇಳುವ ಧೈರ್ಯವಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಮಾತು. ತಮಿಳುನಾಡಿನ ಸಿರುಮುಗೈಯಲ್ಲಿ ಭವಾನಿ ಹೊಳೆಗೆ ಇಳಿಯುವ ಓಣಿಯ ಕೊನೆಯ ಮನೆ ನನ್ನ ಸೋದರತ್ತೆಯದು. ಗಂಡ ತೀರಿಹೋದ ಮೇಲೆ ಒಬ್ಬಳೇ ರೇಷ್ಮೆ ಸೀರೆ ನೇಯುತ್ತಿದ್ದಳು. ನಮ್ಮದು ಕುಳಿಮಗ್ಗ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿದರಷ್ಟೇ ನಡೆಯುತ್ತದೆ. ಅತ್ತೆಗೆ ಮಂಡಿನೋವು ಇದ್ದುದರಿಂದ ಅವಳ ಮಗ್ಗ ಎರಡು ಸಲ ಬಡಿದು ಕೊಂಚ ತಡೆಯುತ್ತಿತ್ತು. ಅವಳ ಕ್ಷೇಮ ಕೇಳಲು ಯಾರೂ ಒಳಗೆ ಹೋಗುತ್ತಿರಲಿಲ್ಲ. ಆ ಸದ್ದು ಕೇಳಿದರೆ ಸಾಕಿತ್ತು.

ಸಮುದ್ರದಲ್ಲಿ ಎದ್ದ ಬಿರುಗಾಳಿಯ ಮಳೆ ನೀಲಗಿರಿಯ ಮೇಲೆ ಬಿಡದೆ ಸುರಿದು, ಒಂದು ಮಧ್ಯಾಹ್ನ ಹೊಳೆ ಓಣಿಯ ಅಂಚಿಗೆ ಬಂತು. ಅತ್ತೆಯನ್ನು ಕರೆಯಲು ಓಡಿದೆ. ಸೀರೆಯ ಸೆರಗು ನೇಯಲು ಕೈ ಹಾಕಿದ ಮೇಲೆ ಮುಗಿಸದೆ ಏಳುವುದು ನಮ್ಮ ನೇಕಾರರಲ್ಲಿ ಅಶುಭ. ಸೆರಗನ್ನು ಅತ್ತೆ ತಮಿಳಿನಂತೆ ಮುಂದಾನೆ ಎನ್ನುತ್ತಿದ್ದಳು.

“ಮುಂದಾನೆ ಇನ್ನೊಂದ್ ಗೇಣು ಅಷ್ಟೇ, ಸಾಮಿ. ನೀ ಮೊದ್ಲು ಪಕ್ಕದ್ಮನೆ ಬಾಣಂತೀನ ಮೇಡಿಗೆ ಕೂಟ್ಕೊಂಡೋಗು. ಮಗ್ಗ ಬಡೀತಿದ್ರೆ ನಾ ಇದೀನಿ ಅಂತ ತಿಳ್ಕೋ.”

ಬಾಣಂತಿಯನ್ನೂ ಕೂಸನ್ನೂ ಅವಳ ಗಂಡ ಮಾರಣ್ಣನ ಜೊತೆ ಸೇರಿ ದಿಬ್ಬದ ಮೇಲಿನ ಶಾಲೆಗೆ ಸಾಗಿಸಿದೆ. ಇಬ್ಬರೂ ಹಿಂತಿರುಗುವಾಗ ಸಂಜೆಯಾಗಿತ್ತು. ಓಣಿಯ ಬಾಯಲ್ಲೇ ಸೊಂಟಮಟ್ಟ ನೀರು, ಕಾಲು ಕಿತ್ತೊಗೆಯುವ ಸೆಳೆತ. ಇಳಿಯಲೋ ಬೇಡವೋ ಎಂದು ನಿಂತಾಗ ಕೆಳಗಿನಿಂದ ಮಗ್ಗದ ಸದ್ದು ಬಂತು. ಎರಡು ಬಡಿತ, ಕೊಂಚ ತಡೆ. ಮತ್ತೆ ಎರಡು.

“ಅಕ್ಕ ನೇಯ್ತಾನೇ ಇದಾಳೆ,” ಎಂದ ಮಾರಣ್ಣ.

ಕುಳಿಗೆ ನೀರು ತುಂಬಿದರೆ ಮಗ್ಗ ನಡೆಯದು; ಹಾಗಾದರೆ ಅವಳ ಮನೆಯೊಳಗೆ ನೀರು ಹೊಕ್ಕಿಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಆದದ್ದು ಸಮಾಧಾನ. ಅತ್ತೆ ಕ್ಷೇಮ ಎನ್ನುವುದಕ್ಕಿಂತ, ಆ ನೀರಿಗೆ ಇಳಿಯುವುದು ತಪ್ಪಿತಲ್ಲ ಎಂಬ ಸಮಾಧಾನ. ಇಬ್ಬರೂ ಶಾಲೆಗೆ ಮರಳಿದೆವು.

ಮರುದಿನ ಹೊಳೆ ಇಳಿದಿತ್ತು. ಮಗ್ಗದ ಕುಳಿ ಬಾಯಿತನಕ ಕೆಸರು ತುಂಬಿತ್ತು. ಅದರ ಪಕ್ಕದಲ್ಲೇ ಅತ್ತೆ ಬಿದ್ದಿದ್ದಳು. ಗೋಡೆಯ ಮೇಲೆ ನೀರಿನ ಗುರುತು ನನ್ನ ತಲೆಗಿಂತ ಮೇಲಿತ್ತು. ಎದುರುಮನೆಯ ಮಾಡು ಹತ್ತಿ ಕುಳಿತಿದ್ದವರು ಹೇಳಿದರು: ನಾವು ಬಾಣಂತಿಯನ್ನು ಕರೆದೊಯ್ದ ಸ್ವಲ್ಪ ಹೊತ್ತಿಗೇ ಅವಳ ಮನೆ ಮುಳುಗಿತ್ತಂತೆ. ನಾವು ಸದ್ದು ಕೇಳಿದ್ದು ಅದಾದ ಎಷ್ಟೋ ಹೊತ್ತಿನ ಮೇಲೆ.

ತೇಲಿಬಂದ ಮರ ಗೋಡೆಗೆ ಬಡಿದಿರಬೇಕು ಎಂದರು ಕೆಲವರು. ಮರಕ್ಕೆ ಮಂಡಿನೋವು ಇರುತ್ತದೆಯೇ? ನಾವಿಬ್ಬರೂ ನೀರಿಗಿಳಿದು ಮುಳುಗದಿರಲಿ ಎಂದು ಅತ್ತೆಯೇ ಮಗ್ಗ ಬಡಿದಳು ಎನ್ನುತ್ತಾನೆ ಮಾರಣ್ಣ. ಇಳಿಯದಿರಲು ನನಗೆ ಬೇಕಿದ್ದ ಸದ್ದನ್ನು ನನ್ನ ಕಿವಿಯೇ ಹುಟ್ಟಿಸಿಕೊಂಡಿತು ಎನ್ನೋಣವೆಂದರೆ, ಅವನೂ ಕೇಳಿದ್ದನಲ್ಲ. ನನಗೆ ಗೊತ್ತಿಲ್ಲ.

ಈಗಲೂ ಯಾವ ಮನೆಯಿಂದ ಮಗ್ಗದ ಸದ್ದು ಬಂದರೂ ಬಾಗಿಲು ತಳ್ಳಿ, ಯಾರಾದರೂ ಕೂತಿದ್ದಾರಾ ಎಂದು ನೋಡುತ್ತೇನೆ. ಕೂತವರು ನಗುತ್ತಾರೆ.