ಮಾವನ ಮಣಿಕಟ್ಟಿನ ಹಗ್ಗ

ಮದುವೆಯಾಗಿ ಹೆಂಡತಿಯ ಊರು ಸೇರಿದ ನಾನು, ಕಾರಂಜಾ ಜಲಾಶಯದ ನೀರು ಮೊದಲ ಸಲ ಬಾಯಿಗೆ ಸಿಡಿದಾಗ ಗಂಗೊಳ್ಳಿಯ ಕಡಲಿನ ಅಭ್ಯಾಸದಂತೆ ಉಗುಳಿದೆ. ಉಪ್ಪೇ ಇರಲಿಲ್ಲ! ಅಲೆಯ ಸದ್ದೂ ಇಲ್ಲ, ತೊಗರಿ ಹೊಲಗಳ ನಡುವೆ ಸುಮ್ಮನೆ ಬಿದ್ದುಕೊಂಡ ನೀರು. ಇದೆಂಥ ಮೀನುಗಾರಿಕೆ ಎಂದು ಒಳಗೊಳಗೇ ನಕ್ಕೆ. ಆಮೇಲೆ ಭಾಲ್ಕಿಯ ನನ್ನ ಮಾವ ತೆಪ್ಪದಲ್ಲಿ ನಿಂತು ಬಲೆಯ ಹಗ್ಗವನ್ನು ಹಲ್ಲಿನಿಂದ ಎಳೆದು ಮಣಿಕಟ್ಟಿಗೆ ಗಂಟು ಹಾಕಿಕೊಳ್ಳುವುದು ಕಂಡಿತು. ನನಗೆ ಗಾಬರಿಯಾಯಿತು.

ನಮ್ಮ ಕಡಲಲ್ಲಿ ಹಾಗೆ ಮಾಡಿದವನು ತಿನ್ನುವ ಬೈಗುಳ ಬರೆಯುವಂಥದ್ದಲ್ಲ. ಬಲೆ ಹೋದರೆ ಹೋಗಲಿ, ಜೀವ ಉಳಿಯಲಿ ಎನ್ನುವವರು ನಾವು. ಮಾವನಿಗೂ ಹಾಗೆಂದೇ ಹೇಳಿದೆ.

"ಬಲಿ ಹೋದ್ರ ಹ್ಯಾಂಗ್ರಿ ಅಳಿಯಾರ?" ಎಂದು ಮಾವ ನಕ್ಕರು.

ಅವರ ಜೊತೆಗಾರ, ಔರಾದ್ ಕಡೆಯ ಹರೆಯದ ಜಾವೇದ್, ಲೈಫ್ ಜಾಕೆಟನ್ನು ಮಡಿಸಿ ಅದರ ಮೇಲೆ ಕೂತಿದ್ದ. "ಸೆಕಿ ಭಾಳ್ ಆಗ್ತದ್ರಿ ಅಣ್ಣಾ. ಈಜು ಬರ್ತದಲ್ರಿ ನನಗ." ಹರೆಯದವರಿಗೆ ಮೈಮೇಲೆ ವಿಪರೀತ ನಂಬಿಕೆ. ವಯಸ್ಸಾದವರಿಗೆ, ಮೈ ಸೋತದ್ದು ಯಾರಿಗೂ ತಿಳಿಯಬಾರದೆಂಬ ಹಟ.

ಮಾವನ ಆ ಹಟ ನನಗೆ ತಿಳಿದದ್ದು ಊಟಕ್ಕೆ ಕೂತಾಗ. ಕುಚ್ಚಲಕ್ಕಿ ಗಂಜಿಯ ಆಸೆಯಲ್ಲಿ ನಾನು ಜೋಳದ ರೊಟ್ಟಿಯ ಜೊತೆ ಗುದ್ದಾಡುತ್ತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ತನ್ನಪ್ಪನ ರೊಟ್ಟಿಯನ್ನು ಮುರಿದು ಬ್ಯಾಳಿಯಲ್ಲಿ, ಅಂದರೆ ತೊಗರಿಬೇಳೆಯಲ್ಲಿ, ನೆನೆಸಿಡುತ್ತಿದ್ದಳು. ಮಾವನ ಬೆರಳುಗಳು ಮಡಚುತ್ತಲೇ ಇರಲಿಲ್ಲ. ಹಿಡಿತ ಹೋಗಿತ್ತು, ಅದಕ್ಕೇ ಆ ಗಂಟು. ನೀರಿಗಿಳಿಯಬೇಡಿ ಎಂದು ಬೀದರಿನ ಡಾಕ್ಟರು ಆಗಲೇ ಹೇಳಿದ್ದರಂತೆ.

"ತೆಪ್ಪದ ಹುಡುಗರಿಗಿ ಹೇಳಬ್ಯಾಡ್ರಿ. ಮನ್ಯಾಗ ಕುಂತ್ರ ಸಾಯ್ತೇನ್ರಿ ನಾ," ಎಂದರು ಮಾವ.

ಹೇಳಲಿಲ್ಲ. ಬದಲಿಗೆ ಊರಿಂದ ತಂದಿದ್ದ ನನ್ನ ಮಡಚುವ ಚಾಕು ಕೊಟ್ಟೆ. "ಬಲೆ ಎಳೆದ್ರೆ ಹಗ್ಗ ಕೊಯ್ದುಬಿಡಿ ಮಾವ," ಎಂದೆ. ಅವರು ಖುಷಿಯಿಂದಲೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂಗಾರಿನ ಮೊದಲ ಗಾಳಿಗೆ ಅವರ ತೆಪ್ಪ ಮಗುಚಿತು. ಜಾವೇದ್ ಈಜಿ ದಡ ಸೇರಿದ. ಬಲೆ ನೀರೊಳಗಿನ ಹಳೇ ಮರದ ಬೊಡ್ಡೆಗೆ ಸಿಕ್ಕಿಕೊಂಡಿತ್ತು. ಮಾವನ ಹೆಣವನ್ನು ಬಲೆಯ ಜೊತೆಗೇ ಮೇಲೆಳೆದೆವು. ಸೊಂಟದಲ್ಲಿ ಚಾಕು ಮಡಚಿದಂತೆಯೇ ಇತ್ತು. ರೊಟ್ಟಿ ಮುರಿಯಲಾಗದ ಬೆರಳು ಅದನ್ನು ಬಿಚ್ಚುವುದಾದರೂ ಹೇಗೆ?

ಜಾವೇದ್ ಈಗ ಜಾಕೆಟ್ ತೊಡುತ್ತಾನೆ. ಹಗ್ಗವನ್ನು ಯಾರೂ ಮೈಗೆ ಕಟ್ಟಿಕೊಳ್ಳುವುದಿಲ್ಲ. ಗಂಗೊಳ್ಳಿಯಿಂದ ಅಮ್ಮ ಫೋನಿನಲ್ಲಿ ಅಳುತ್ತಾಳೆ: "ಊರಿಗ್ ಬಾ ಮಗಾ, ಅಲ್ಲ್ ಎಂತ ಇತ್ತ್ ನಿಂಗೆ?" ಕಡಲು ನೆನಪಾಗಿ ಬರುತ್ತೇನೆ ಎಂದುಬಿಡುತ್ತೇನೆ. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆಯುತ್ತಾಳೆ. ಅವಳ ಕೈ ಇವತ್ತಿಗೂ ಅಪ್ಪನ ಪಾಲಿನ ಒಂದು ರೊಟ್ಟಿಯನ್ನು ಮುರಿದು ಬ್ಯಾಳಿಯಲ್ಲಿ ನೆನೆಸಿಡುತ್ತದೆ. ನಾನು ಅದನ್ನು ತಿನ್ನುತ್ತೇನೆ.