ನನ್ನ ನಂಬರ್ ಒನ್ ಆಲ್ಬಮ್ಮನ್ನು ಅಳಿಸಿದವರು ಯಾರು?

ನನಗೆ ಹಾಡಿನ ಗಂಧಗಾಳಿಯೂ ಇಲ್ಲ.

ಈ ವಾಕ್ಯ ನಾನು ಖುಷಿಯಿಂದ ಬರೆದದ್ದಲ್ಲ, ಪಂದ್ಯ ಸೋತು ಬರೆದದ್ದು. ಸೋತವನು ತನ್ನ ಅಂಕಣವನ್ನು ಇದೇ ವಾಕ್ಯದಿಂದ ಶುರು ಮಾಡಬೇಕು ಅಂತ ಕರಾರಾಗಿತ್ತು.

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ದಶಕದ ಹತ್ತು ಶ್ರೇಷ್ಠ ಕನ್ನಡ ಆಲ್ಬಮ್‌ಗಳ ಪಟ್ಟಿ ಕೊಟ್ಟಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ (ನನ್ನ ಹೆಂಡತಿಗೂ ಇಲ್ಲ). ಒಂದನೇ ಸ್ಥಾನ ಕೊಟ್ಟದ್ದು ಹದಿನೇಳು ನಿಮಿಷದ ಹಾಡೊಂದಿರುವ ಆಲ್ಬಮ್ಮಿಗೆ. ಆ ಹಾಡಿನಲ್ಲಿ ಮೊದಲ ನಾಲ್ಕು ನಿಮಿಷ ಬರೀ ಗಾಳಿಯ ಸದ್ದು. ಅದನ್ನು ‘ಮೌನದ ವಾಸ್ತುಶಿಲ್ಪ’ ಎಂದು ಬಣ್ಣಿಸಿದ್ದೆ. ಹಾಗೆಂದರೇನು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಜೊತೆಗೆ, ಒಂದು ಡಬ್ಬಾ ಸಿನಿಮಾದ ಹಾಡುಗಳನ್ನು ಹೆಸರಿಸಿ, ಇವನ್ನು ನಾಲೆಗೆ ಎಸೆಯಬೇಕು ಅಂತಲೂ ಬರೆದಿದ್ದೆ.

ಪೇಪರು ಬಂದ ಬೆಳಿಗ್ಗೆಯೇ ನಾಗಮಂಗಲದಿಂದ ಶಿವಲಿಂಗು ಫೋನ್ ಮಾಡಿದ. ಹಳೇ ಗೆಳೆಯ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಾನೆ, ಒಂದು ಮಾಸಿಕಕ್ಕೆ ಸಂಗೀತದ ಅಂಕಣ ಬರೆಯುತ್ತಾನೆ. ಅವನೂ ಒಂದು ಪಟ್ಟಿ ಮಾಡಿದ್ದ. ನನ್ನ ಒಂದನೆಯದು ಅವನಲ್ಲಿ ಒಂಬತ್ತನೆಯದು. ಅವನ ಒಂದನೆಯದು ಒಂದೇ ತಂಬೂರಿಯ ತತ್ವಪದದ ಆಲ್ಬಮ್, ನನ್ನಲ್ಲಿ ಹತ್ತನೆಯದು.

“ಲೇ, ನಿನ್ ಒಂದ್ನೇದನ್ನ ಒಂದ್ಸಲನಾದ್ರೂ ಪೂರ್ತಿ ಕೇಳಿದ್ದೀಯೇನ್ಲಾ?” ಅಂದ.

ಕೇಳಿದ್ದೇನೆ ಅಂದೆ. ಅವನು ನಂಬಲಿಲ್ಲ, ನಾನೂ ಬಿಡಲಿಲ್ಲ. ಎರಡು ವಾರ ಮಾತಿಲ್ಲ. ಇಪ್ಪತ್ತು ವರ್ಷದ ಸ್ನೇಹ ಯಾರೋ ಹಾಡಿದ ಹಾಡಿಗೆ ಕೆಟ್ಟುಹೋಗುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಸಂಕಟವಾಗಿತ್ತು.

ಕೊನೆಗೆ ಅವನೇ ಪಾಂಡವಪುರಕ್ಕೆ ಬಂದ. ಮೂರನೆಯವರು ತೀರ್ಮಾನ ಮಾಡಲಿ ಅಂದ, ಗಂಧಗಾಳಿಯ ಕರಾರೂ ಆಗಲೇ ಆಯಿತು. ನಮ್ಮ ಒಂದನೇ ನಂಬರುಗಳಲ್ಲಿ ಜನ ಕೇಳುವುದು ಯಾವುದನ್ನು? ಹೇಳಬಲ್ಲವನು ಒಬ್ಬನೇ, ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಇಮ್ತಿಯಾಜ್. ಶ್ರೀರಂಗಪಟ್ಟಣದ ಗೂಡ್ಸ್ ಆಟೊದವರಿಂದ ಹಿಡಿದು ಕೆ.ಆರ್. ಪೇಟೆಯ ಕಬ್ಬಿನ ಟ್ರಾಕ್ಟರಿನವರವರೆಗೆ ಎಲ್ಲರಿಗೂ ಪೆನ್‌ಡ್ರೈವ್‌ಗೆ ಹಾಡು ತುಂಬಿಕೊಡುವವನು ಅವನೇ. ಅವನು ಇಬ್ಬರ ಪಟ್ಟಿಯನ್ನೂ ಓದಿರಲಿಲ್ಲ. ತೀರ್ಪುಗಾರನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಇಮ್ತಿಯಾಜ್ ಯಾರದೋ ಫೋನಿನ ಸ್ಕ್ರೀನ್ ಅಂಟಿಸುತ್ತಲೇ ನಮ್ಮ ವಾದ ಕೇಳಿಸಿಕೊಂಡ. ನನ್ನ ಆಲ್ಬಮ್ಮಿನ ಹೆಸರು ಹೇಳಿದ ತಕ್ಷಣ ತಲೆ ಎತ್ತಿದ. ಅದನ್ನು ಹಾಕಿಸಿಕೊಂಡವರು ಇಲ್ಲಿಯವರೆಗೆ ಒಬ್ಬರೇ ಅಂತೆ.

“ನೀವೇ ಸಾ. ಎಂಟ್ ದಿನಕ್ಕೆ ವಾಪಸ್ ಬಂದು ನೀವೇ ತಗಿಸ್ಬುಟ್ರಿ. ಮದ್ವೆ ಬಸ್ಸಿಗೆ ಡ್ಯಾನ್ಸ್ ಹಾಡು ಹಾಕೋಕೆ ಜಾಗ ಸಾಲಲ್ಲ ಅಂತ.”

ಹೌದು, ತಂಗಿ ಮಗಳ ಮದುವೆ. ಮರೆತೇಹೋಗಿತ್ತು. ಶಿವಲಿಂಗು ಅಂಗಡಿಯ ಸ್ಟೂಲ್ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಇಮ್ತಿಯಾಜ್ ಡ್ರಾಯರ್ ಎಳೆದು ಒಂದು ನೀಲಿ ಪೆನ್‌ಡ್ರೈವ್ ತೆಗೆದು ಕೌಂಟರಿನ ಮೇಲಿಟ್ಟ. ತತ್ವಪದದ ಆಲ್ಬಮ್ ಹಾಕಿಸಲು ಈ ಮೇಷ್ಟ್ರೇ ಕೊಟ್ಟುಹೋಗಿದ್ದರಂತೆ. ಹೋದ ವರ್ಷ. ಮತ್ತೆ ತೆಗೆದುಕೊಂಡು ಹೋಗಲು ಬಂದೇ ಇರಲಿಲ್ಲ. ಶಿವಲಿಂಗುವಿನ ನಗು ಅಲ್ಲಿಗೇ ನಿಂತಿತು.

ಹಾಗಾದರೆ ನಿನ್ನ ಪ್ರಕಾರ ಒಂದನೇ ನಂಬರು ಯಾವುದಪ್ಪಾ ಅಂತ ಕೇಳಿದೆ.

“ಕಬ್ಬಿನ್ ಧೂಳಿಗೆ ಪೆನ್‌ಡ್ರೈವ್ ಕೆಟ್ಟೋಯ್ತವೆ ಸಾ. ಕೆಟ್ಟೋದ್ಮೇಲೂ ಬಂದು ಅದೇ ಹಾಕ್ಕೊಡು ಅಂತಾರಲ್ಲ, ಅದೇ ಒಂದ್ನೇ ನಂಬ್ರು.”

ಎಂದವನೇ ಕಂಪ್ಯೂಟರಿನಲ್ಲಿ ಅದನ್ನು ಹಾಕಿದ. ಡೋಲು ಬಡಿದ ಮೊದಲ ಪೆಟ್ಟಿಗೇ ಗುರುತು ಸಿಕ್ಕಿತು. ನಾಲೆಗೆ ಎಸೆಯಿರಿ ಎಂದು ನಾನು ಬರೆದದ್ದು ಇದನ್ನೇ! ಶಿವಲಿಂಗು ಇನ್ನೂ ಬುದ್ಧಿವಂತ, ಇದರ ಹೆಸರನ್ನೇ ಬರೆದಿರಲಿಲ್ಲ.

ಇಬ್ಬರೂ ಸೋತೆವು. ಅವನ ಗಂಧಗಾಳಿ ವಾಕ್ಯ ಅವನ ಮಾಸಿಕದಲ್ಲಿ ಬರಬೇಕು. (ಬಾರದಿದ್ದರೆ ನನಗೆ ತಿಳಿಸಿ.) ಆ ಡೋಲಿನ ಹಾಡುಗಳನ್ನು ನನ್ನ ಪೆನ್‌ಡ್ರೈವ್‌ಗೆ ತುಂಬಿಕೊಡುತ್ತಾ, ಬೇಕಿದ್ದರೆ ನಿಮ್ಮ ಒಂದನೇ ನಂಬರನ್ನೂ ಹಾಕಿಕೊಡುತ್ತೇನೆ, ಜಾಗ ಇದೆ ಅಂತ ಇಮ್ತಿಯಾಜ್ ಹೇಳಿದ. ನಾನು ಕೇಳಿಸದವನ ಹಾಗೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡೆ.

ಶಿವಲಿಂಗುವನ್ನು ಕಾರಿನಲ್ಲಿ ನಾಗಮಂಗಲದ ದಾರಿಯ ಜಕ್ಕನಹಳ್ಳಿವರೆಗೆ ಬಿಡಲು ಹೋದೆ. ಇಮ್ತಿಯಾಜ್ ತುಂಬಿಕೊಟ್ಟಿದ್ದ ಆ ನಾಲೆಯ ಆಲ್ಬಮ್ಮೇ ಓಡುತ್ತಿತ್ತು. ಮೊದಲು ನನ್ನ ಬೆರಳು ಸ್ಟೀರಿಂಗ್ ಮೇಲೆ ಕುಣಿಯಿತು. ಆಮೇಲೆ ಅವನು ಗುನುಗಿದ. ಎರಡನೇ ಚರಣಕ್ಕೆ ಇಬ್ಬರೂ ಗಂಟಲು ಬಿಟ್ಟು ಹಾಡುತ್ತಿದ್ದೆವು, ಒಂದಕ್ಷರ ತಪ್ಪದೆ. ಯಾವಾಗ ಕಲಿತೆವೋ, ಯಾರ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ಕಲಿತೆವೋ ದೇವರೇ ಬಲ್ಲ. ಎರಡು ವಾರದ ಮುನಿಸು ಎಲ್ಲಿ ಹೋಯಿತೋ ಅದೂ ಗೊತ್ತಾಗಲಿಲ್ಲ.

ನನ್ನ ಪಟ್ಟಿಯಲ್ಲಿ ಬದಲಾವಣೆಯೇನೂ ಇಲ್ಲ, ವಿಮರ್ಶಕನಿಗೂ ಮಾನ ಇರುತ್ತದೆ. ಆದರೆ ಒಂದು ಕೋರಿಕೆ. ಆ ಒಂದನೇ ನಂಬರಿನ ಒಂದು ಸಾಲು ಹಾಡಿ ಸಾರ್ ಅಂತ ಮಾತ್ರ ಯಾರೂ ಫೋನ್ ಮಾಡಬೇಡಿ.