ಶಿವಣ್ಣನ ಪೆಟ್ಟು ತಡವಾದದ್ದು

ಹೋದ ವರ್ಷ, ಮದುವೆ ಸೀಸನ್ನಿಗೆ ತಿಂಗಳು ಬಾಕಿ ಇತ್ತು. ನಂಜನಗೂಡಿನಲ್ಲಿ ಮದುವೆ ವಾದ್ಯಗೋಷ್ಠಿ ನಡೆಸುವ ನಾನು ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಸಂಗೀತ ಕಲಿಯಲು ಕೂತಿದ್ದೆ. ಮೊಬೈಲಿನ ವಿಡಿಯೊಗಳೇ ಗುರು. ಲ್ಯಾಪ್‌ಟಾಪು, ಮಿಡಿ ಕೀಬೋರ್ಡು, ಮೈಕು ಮೂರನ್ನೂ ಸೆಕೆಂಡ್ ಹ್ಯಾಂಡಿನಲ್ಲಿ ತಂದೆ. ಚೌಕಾಸಿ ಮಾಡಿ ಒಂದು ಬ್ಲೂಟೂತ್ ಹೆಡ್‌ಫೋನನ್ನೂ ಪುಕ್ಕಟೆ ಹಾಕಿಸಿಕೊಂಡೆ.

ಹೊಸಬರಿಗೆ ಒಂದು ಮಾತು. ಮಿಡಿ ಕೀಬೋರ್ಡಿನೊಳಗೆ ಧ್ವನಿ ಇರುವುದಿಲ್ಲ. ಯಾವ ಕೀ, ಯಾವ ಕ್ಷಣ, ಎಷ್ಟು ಜೋರು ಎಂಬ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಸದ್ದು ಹುಟ್ಟುವುದು ಕಂಪ್ಯೂಟರಿನೊಳಗಿನ ಸಿಂಥಸೈಜರಿನಲ್ಲಿ. ಇನ್ನೊಂದು, ಕ್ವಾಂಟೈಸ್. ಬೆರಳು ಹಿಂದುಮುಂದಾದರೂ ಸ್ವರವನ್ನು ಎಳೆದು ತಾಳದ ಗೆರೆಯ ಮೇಲೆ ಕೂರಿಸುವ ಸೌಲಭ್ಯ. ಅದನ್ನು ನಾನು ಮೊದಲ ದಿನವೇ ಆನ್ ಮಾಡಿಟ್ಟಿದ್ದೆ.

ಹೆಮ್ಮಿಗೆಯ ಒಂದು ಮನೆಯವರು ಮದುವೆಗೆ ಸೋಬಾನೆ ಹಾಡು ರೆಕಾರ್ಡ್ ಮಾಡಿಕೊಡಲು ಕೇಳಿದ್ದರು. ಕೀಬೋರ್ಡ್ ನಾನೇ ನುಡಿಸಿ ಮುಗಿಸಿದೆ. ಡೋಲಕ್ಕಿಗೆ ಸೋಸಲೆಯ ಶಿವಣ್ಣ ಬಂದ. ನನಗಿಂತ ಹತ್ತು ವರ್ಷ ಹಿರಿಯ, ಇಪ್ಪತ್ತು ವರ್ಷದ ಜೊತೆಗಾರ. ಆ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು, ಅದರಲ್ಲಿ ಕೇಳುವ ಟಿಕ್ ಟಿಕ್ ತಾಳಕ್ಕೆ ಬಾರಿಸಿದ. ಪರದೆಯ ಮೇಲೆ ಪ್ರತಿ ಪೆಟ್ಟೂ ಗೆರೆ ದಾಟಿ ಬಿದ್ದಿತ್ತು. ಕಾಲು ಸೆಕೆಂಡಿಗೆ ತುಸು ಕಡಿಮೆ ತಡ. ಒಂಬತ್ತು ಸಲ ಬಾರಿಸಲು ಹೇಳಿದೆ. ಅವನು ಅಂಗೈ ಉಜ್ಜಿಕೊಂಡ, ಡೋಲಕ್ಕಿನ ಹಗ್ಗ ಬಿಗಿ ಮಾಡಿದ, ಕೊನೆಗೆ ಎದ್ದು ಹೋದ.

ಮರುದಿನ ತಿ. ನರಸೀಪುರದ ಕಲ್ಯಾಣ ಮಂಟಪದ ಮ್ಯಾನೇಜರಿಗೆ ಹೇಳಿಬಿಟ್ಟೆ: "ಶಿವಣ್ಣನ ಕೈ ಬಿದ್ದೋಗದೆ, ತಾಳ ನಿಲ್ತಿಲ್ಲ. ಈ ಸಲ ಮಿಷಿನ್ ತಾಳ ಹಾಕ್ತೀನಿ." ನಾನು ಮನೆ ಮುಟ್ಟುವ ಮೊದಲೇ ಮಾತು ಸೋಸಲೆ ಮುಟ್ಟಿತು.

ಮೂರನೇ ದಿನ ಶಿವಣ್ಣ ಡೋಲಕ್ಕಿಲ್ಲದೆ ಬಂದು ಬಾಗಿಲಲ್ಲೇ ನಿಂತ.

"ಬಸ್ಸಲ್ಲಿ ಕಂಡಕ್ಟರ್ರೂ ಕೇಳ್ದ ಕಣ್ಲಾ ಮಾದೇವ, ಕೈಗೇನಾಯ್ತು ಅಂತ."

"ನಾನೇನ್ ಮಾಡ್ಲಿ ಶಿವಣ್ಣ, ಕಂಪ್ಯೂಟರ್ ಸುಳ್ಳು ಯೇಳಲ್ಲ."

"ಅದ ತೋರ್ಸು ಮತ್ತೆ."

ತೋರಿಸಿದೆ. ಅವನು ಪರದೆಗೆ ಬೆರಳಿಟ್ಟು ಪೆಟ್ಟುಗಳನ್ನು ಒಂದೊಂದಾಗಿ ನೋಡುತ್ತಾ ಹೋದ.

"ಕೈ ಬಿದ್ದೋದೋನು ಒಂದ್ಸಲ ಮುಂದೆ, ಒಂದ್ಸಲ ಇಂದೆ ಬೀಳ್ತಾನೆ. ಇದು ಎಲ್ಲಾ ಒಂದೇ ಸಮ ತಡವಾಗೇ ಬಿದ್ದದಲ್ಲೋ. ಅಂಗೆ ಅಳತೆ ಮಾಡಿ ತಪ್ಪು ಮಾಡಕಾದದಾ? ನೀ ಹಾಕ್ಕಂಡು ಕೈ ತಟ್ಟು ನೋಡಣ."

ಹಮ್ಮಿನಿಂದಲೇ ಅದೇ ಹೆಡ್‌ಫೋನ್ ಹಾಕಿ ಮೈಕಿನ ಮುಂದೆ ಚಪ್ಪಾಳೆ ತಟ್ಟಿದೆ. ನನ್ನವೂ ಗೆರೆ ದಾಟಿದ್ದವು, ಅವನವು ಎಷ್ಟು ದಾಟಿದ್ದವೋ ಅಷ್ಟೇ.

ಅನುಮಾನ ಹೆಡ್‌ಫೋನಿನ ಮೇಲೆ ಹೋಯಿತು. ಪಕ್ಕದ ಮೊಬೈಲ್ ಅಂಗಡಿಯಿಂದ ವೈರಿನ ಹೆಡ್‌ಫೋನ್ ತಂದು ಸಿಕ್ಕಿಸಿದೆ. ಮತ್ತೆ ತಟ್ಟಿದೆ, ಸರಿಯಾಗಿ ಗೆರೆಯ ಮೇಲೆ. ಬ್ಲೂಟೂತಿನಲ್ಲಿ ಸದ್ದು ಕಿವಿ ಮುಟ್ಟುವುದೇ ತಡವಾಗಿ. ಶಿವಣ್ಣ ತಡವಾಗಿ ಕೇಳಿದ್ದಕ್ಕೆ ಸರಿಯಾಗಿಯೇ ಬಾರಿಸಿದ್ದ. ನನ್ನ ಕೀಬೋರ್ಡಿನ ಎಡವಟ್ಟನ್ನು ಕ್ವಾಂಟೈಸ್ ಮುಚ್ಚಿಟ್ಟಿತ್ತು. ಮೈಕಿನಲ್ಲಿ ಬಂದ ಡೋಲಕ್ಕಿನ ಪೆಟ್ಟನ್ನು ಎಳೆದು ಕೂರಿಸುವವರು ಯಾರೂ ಇರಲಿಲ್ಲ.

"ಡೋಲಕ್ ತರ್ತೀಯಾ?" ಎಂದೆ.

"ಮೊದ್ಲು ನರಸೀಪುರಕ್ಕೋಗಿ ಬಾ. ಯಾರ್ ಮುಂದೆ ಯೇಳ್ದೋ ಅವ್ರ ಮುಂದೇ ಯೇಳು."

ಜೀವಮಾನದಲ್ಲಿ ಆ ಒಂದು ಮಾತಿಗೆ ನಾನು ಚೌಕಾಸಿ ಮಾಡಲಿಲ್ಲ. ಬಸ್ಸು ಹತ್ತಿ ಹೋಗಿ, ಅಡುಗೆ ಭಟ್ಟರು, ಲೈಟಿನವರು ಎಲ್ಲರೂ ಇದ್ದಾಗಲೇ, ತಪ್ಪು ನನ್ನ ಹೆಡ್‌ಫೋನಿನದು, ಶಿವಣ್ಣನ ಕೈಯದಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಅವರು ನಕ್ಕರು. ಆದರೆ ಒಂದು ಮದುವೆಗೆ ಬೇರೆ ಡೋಲಕ್ಕಿನವನನ್ನು ಆಗಲೇ ಗೊತ್ತು ಮಾಡಿದ್ದರು. ಆ ಮದುವೆ ಶಿವಣ್ಣನ ಕೈಗೆ ವಾಪಸ್ ಬರಲೇ ಇಲ್ಲ.

ಕಲಿಯಲು ಕೂರುವವರಿಗೆ ನನ್ನ ಸಲಹೆ ಇಷ್ಟು. ಪುಕ್ಕಟೆ ಸಿಕ್ಕಿದ ಹೆಡ್‌ಫೋನಿನಲ್ಲಿ ಹಾಡು ಕೇಳಿ, ರೆಕಾರ್ಡಿಂಗಿಗೆ ವೈರಿನದೇ ಸಿಕ್ಕಿಸಿ. ಇನ್ನೊಬ್ಬರ ಪೆಟ್ಟು ಅಳೆಯುವ ಮೊದಲು ಕ್ವಾಂಟೈಸ್ ಆಫ್ ಮಾಡಿ, ನಿಮ್ಮ ಕೈ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ.